ದೂಧಗಂಗಾ ಹೌಸಿನ ರಿಲೇ

...ಬಾಗಲಾ ಮುಂದ ಮಾಡಿ ಬಾ. ಹಾಂ. ಕೂಡು ತೃಪ್ತಿ. ಅತ್ತದ್ದ ಸಾಕು. ಈ ಅನುಸೂಯಾ ಟೀಚರ್ ಇರೂತನಾ ನಿನಗೇನ ಅಂಜಿಕಿ? ದವಾಖಾನಿಯಿಂದ ಹೆಡ್‌ಮಾಸ್ತರ ಫೋನ್ ಬಂದಿತ್ತು. ಕೋಮಲ ಇನ್ನೂ ಕಣ್ಣ ತಗದಿಲ್ಲಂತ... ತಗೀತಾಳ, ತಗೀತಾಳ! ಡಾಕ್ಟರ್ ಅದಾರಲ್ಲ.

ಈಗ ಕೇಳು. ಆಕಿ ಅಪ್ಪ ಮಾಳೇಶ ದವಾಖಾನಿಯಿಂದ ಸೀದಾ ಸಾಲಿಗೇ ಬರಾಕತ್ತಾನ. ಏನಾತು ಅಂತ ಕೇಳ್ತಾನ. ನಾ ಹೌಸ್ ಟೀಚರ್, ನೀ ಕ್ಯಾಪ್ಟನ್. ನಮ್ಮಿಬ್ಬರದೂ ಒಂದ ಮಾತ ಇರಬೇಕು. ರಿಲೇ ಓಡಾಕತ್ತಿದ್ಲು, ಬಿದ್ಲು. ಬಿಸಲಿತ್ತು. ಅಷ್ಟ... ಯಾಕ ತಲಿ ಅಳ್ಳಾಡಸ್ತಿ? ಬಿಸಲ ಇರಲಿಲ್ಲೇನು?

ಎಷ್ಟ ಚಂದ ನಡದಿತ್ತ ನೋಡು! ಮೊದಲ ಹೆಂಗಿತ್ತ ನಮ್ಮ ಸಾಲಿ? ಹೋಂವರ್ಕ ಇಲ್ಲ, ಏನಿಲ್ಲ. ಕೃಷ್ಣಾ, ವೇದಗಂಗಾ, ಘಟಪ್ರಭಾ, ನಮ್ಮ ದೂಧಗಂಗಾ... ನಾಕ ಹೌಸ್ ಮಾಡಿದ ಮ್ಯಾಲ ಹುಡುಗ್ರು ನಸಕಿನ್ಯಾಗ ಎದ್ದು ಓದಾಕ ಕುಂತ್ರು! ಗೆದ್ದವರಿಗೆ ಪನ್ಹಾಳಗಡಕ್ಕ ಟ್ರಿಪ್, ಶ್ರೀಖಂಡ-ಪುರಿ ಊಟ. ಕ್ಯಾಪ್ಟನ್ ಬ್ಯಾಜ್ ಹಚ್ಚಿದಾಗ ನೀನೂ ಕುಣದಾಡಿದ್ದಿ. ಹೌದಿಲ್ಲೊ?

ಮತ್ತ ಈ ಕೋಮಲ... ದಿನಾ ತಡಾ ಬರಾಕಿ. ಯಾಕಂದ್ರ 'ಕುರಿ ಬಿಟ್ಟ ಬರಬೇಕ್ರಿ ಟೀಚರ್.' ಒಬ್ಬಾಕಿ ತಪ್ಪಿದ್ರ ಇಡೀ ಹೌಸಿನ ಪಾಯಿಂಟ ಹೋಗ್ತಾವ, ಅದ ನೇಮ. 'ಪಾಯಿಂಟ ವಾಪಸ್ ತರೂತನಾ ಆಕಿ ಜೋಡಿ ಯಾರೂ ಮಾತಾಡಬ್ಯಾಡ್ರಿ' ಅಂದಿದ್ದೆ, ಹೌದು. ಶಿಸ್ತ ಕಲೀಲಿ ಅಂತ! ಆದ್ರ 'ಪಾಯಿಂಟಗಳ್ಳಿ' ಅಂತ ಹೆಸರ ಇಟ್ಟಾಕಿ ಯಾರು? ಊಟಕ್ಕ ಆಕಿನ್ನ ಬ್ಯಾರೆ ಕೂಡಿಸಿದಾಕಿ ಯಾರು? ನಾನೇನು?

ನೋಡು, ಈಗ ತಲಿ ತಗ್ಗಿಸಿದಿ. ಅಂಜಬ್ಯಾಡ... ನಾ ಅದನ್ನ ಆಕಿ ಅಪ್ಪಗ ಹೇಳಂಗಿಲ್ಲ. ನೀ ನನ್ನ ಮಾತ ಉಳಿಸಿದ್ರ ನಾ ನಿನ್ನ ಮಾತ ಉಳಸ್ತೀನಿ. ತಿಳೀತಿಲ್ಲೊ? ...ಶ್! ಬೈಕ್ ಸಪ್ಪಳ. ಬಂದ. ಕಣ್ಣ ಒರಸ್ಕೊ, ಲಗೂನ!

ಬರ್ರಿ, ಬರ್ರಿ ಮಾಳೇಶಣ್ಣಾ. ಕೂಡ್ರಿ. ನೀರ ಕುಡೀರಿ... ಬ್ಯಾಡ್ರಿ? ...ಹಾಂ? ಜ್ವರ? ಡಾಕ್ಟರ್ ಹಂಗಂದ್ರೇನ್ರಿ? ಜ್ವರದಾಗ ಓಡ್ಯಾಳ ಅಂತ? ಅಯ್ಯ, ಯಾರಿಗೂ ಗೊತ್ತಿರಲಿಲ್ರಿ! ಮನಿಯಾಗೂ ಹೇಳಿಲ್ಲೇನ್ರಿ? ಹೂಂ, ನಮಗೂ ಹೇಳಿಲ್ರಿ. ಈಕಿ ತೃಪ್ತಿ, ಕ್ಯಾಪ್ಟನ್. ಬೇಕಾದ್ರ ಈಕಿನ್ನ ಕೇಳ್ರಿ. ಹೇಳವ್ವಾ, ಅಣ್ಣಾರಿಗೆ ಹೇಳು, ಯಾರಿಗೂ ಗೊತ್ತಿರಲಿಲ್ಲ ಅಂತ...

ತೃಪ್ತಿ.

ಹೇಳು... ಅಂಜ್ಯಾಳ್ರಿ, ಹುಡುಗಿ ಅಂಜ್ಯಾಳ. ಏ, ಹೇಳ ಬೇ! ಯಾಕ ನನ್ನ ಮಾರಿ ನೋಡ್ತಿ? ಕೇಳಾಕತ್ತವರು ಅವರು, ಅವರನ್ನ ನೋಡು... ನನ್ನ ಯಾಕ ನೋಡ್ತಿ? ಏನ ಮಾಡಬೇಕಿತ್ತ ನಾ? ನೀ ಆಕಿ ಕೈ ಹಿಡಕೊಂಡ ಬಂದು ನನ್ನ ಕೈಯಾಗ ಇಟ್ಟಾಗ ಸೀಟಿ ಊದೂದಷ್ಟ ಉಳದಿತ್ತು! ಆಕಿ ಕೈ ಕೆಂಡದಂಗ ಸುಡತಿತ್ತು, ಖರೆ... ಆದ್ರ ಒಬ್ಬಾಕಿ ಕಡಿಮಿ ಆದ್ರ ನಮ್ಮ ಹೌಸ್ ಓಟದಾಗ ಇರತಿದ್ದಿಲ್ಲ! ಆಕೀನೂ ಅಂದ್ಲು, 'ಓಡ್ತೀನ್ರಿ ಟೀಚರ್. ಗೆದ್ರ ಎಲ್ಲಾರೂ ನನ್ನ ಜೋಡಿ ಮಾತಾಡ್ತಾರಲ್ರಿ?' ಅಂತ...

ಅಲ್ಲ... ಅಲ್ರಿ, ನಾ ಅಂದದ್ದು...

ಮಾಳೇಶಣ್ಣಾ, ಯಾಕ ಎದ್ದ ನಿಂತ್ರಿ? ಕೂಡ್ರಿ... ಕೂಡ್ರಿ ಅಂದೆ... ತೃಪ್ತಿ, ಬಾಯಿ ಬಿಡವ್ವಾ. ನೀನರೆ ಏನಾರ ಹೇಳ...