ಆಮೆನ್ ಹೇಳದ ಪಾಠ

ನಾಕ್‌ಪೊ ಸಭೆಯ ಪಾಸ್ಟರ್ ಅವರೇ, ಹಿರಿಯರೇ, ಸಿಯೋಲ್‌ನಿಂದ ರೈಲು ಹತ್ತಿ ಬಂದ ನೆಂಟರೇ — ಮುಂದಿನ ಸಾಲಿನಲ್ಲಿ ಕೂತಿರುವ ಮಾಲ್‌ಸುನ್ ಅಕ್ಕನ ಮಗಳು ಯೊನ್‌ಸಿಲ್, ತಾಯಿ, ನಿನಗೆ ಎಲ್ಲರಿಗಿಂತ ಮೊದಲು ನಮಸ್ಕಾರ. ಕರ್ತನು ನಿನ್ನನ್ನು ಸಂತೈಸಲಿ. ಅದು ನನ್ನಿಂದ ಆಗುವ ಕೆಲಸವಲ್ಲ.

ನಾನು ಪ್ಯೋ ಮನ್‌ಬೊಕ್. ಸಿಯೋಲ್‌ನವರಿಗಾಗಿ ಹೇಳುತ್ತಿದ್ದೇನೆ ಅಷ್ಟೆ. ಈ ಊರಿನಲ್ಲಿ ನನ್ನ ದನಿ ಕೇಳದ ಕಿವಿಯೇ ಇಲ್ಲ. ನೀವೆಲ್ಲ ಒಳಗೆ ಬಂದಿರಲ್ಲ, ಆ ಬಾಗಿಲನ್ನು ಕೆತ್ತಿದವನು ನಾನೇ. ಈ ಕರಾವಳಿಯಲ್ಲಿ ಅಂಥದ್ದು ಇನ್ನೊಂದಿದ್ದರೆ ತೋರಿಸಿ. ಓದಿದ್ದು ಹಳ್ಳಿ ಶಾಲೆಯಲ್ಲಿ, ಅದೂ ಅಷ್ಟಕ್ಕಷ್ಟೆ. ಆದರೆ ನಾನು ‘ಹಲ್ಲೆಲೂಯಾ’ ಎಂದು ಕೂಗಿದರೆ ದಡ ಬಿಟ್ಟ ದೋಣಿಯವರೂ ತಿರುಗಿ ನೋಡುತ್ತಾರೆ. ಅದಕ್ಕೇ ಇರಬೇಕು, ಇವತ್ತು ಅಕ್ಕನನ್ನು ಬೀಳ್ಕೊಡುವ ಈ ಆರಾಧನೆಯಲ್ಲಿ ಮಾತಾಡಲು ನನ್ನನ್ನು ನಿಲ್ಲಿಸಿದ್ದಾರೆ.

ಮಾಲ್‌ಸುನ್ ಅಕ್ಕ ಮತ್ತು ನಾನು ಮಕ್ಕಳ ಭಾನುವಾರದ ಶಾಲೆಯಲ್ಲಿ ಜೊತೆಗೆ ಪಾಠ ಮಾಡಿದವರು. ಅವರು ಕಥೆ ಹೇಳುವವರು. ನಾನು ಐಗುಪ್ತದ ಅರಸ ಫರೋಹ. ಅನ್ನದ ಪಾತ್ರೆಯನ್ನು ಹೀಗೆ — ತಲೆಗೆ ಬೋರಲು ಹಾಕಿಕೊಂಡು, “ಇಸ್ರಾಯೇಲ್ಯರನ್ನು ಬಿಡೋದಿಲ್ಲ!” ಎಂದು ಅಬ್ಬರಿಸುತ್ತಿದ್ದೆ. ಕಪ್ಪೆ ಬಂದರೂ ಬಿಡುತ್ತಿರಲಿಲ್ಲ, ಹೇನು ಬಂದರೂ ಬಿಡುತ್ತಿರಲಿಲ್ಲ. ಕೊನೆಗೆ ಕೆಂಪು ಸಮುದ್ರದ ಪಾಠ ಬಂದಾಗ ಈ ನೆಲದ ಮೇಲೆ ಉರುಳಾಡಿ ಮುಳುಗುತ್ತಿದ್ದೆ. ಎಂಥಾ ಮುಳುಗು ಅಂತೀರಿ! ಮಕ್ಕಳು ಬೆಂಚು ಹತ್ತಿ ಚಪ್ಪಾಳೆ ತಟ್ಟುತ್ತಿದ್ದರು. “ಸಾಕೋ ಮನ್‌ಬೊಕ್, ಫರೋಹ ಇಷ್ಟು ಹೊತ್ತು ಸಾಯ್ಲಿಲ್ಲ” ಎಂದು ಅಕ್ಕ ಕಾಲಿನಿಂದ ತಿವಿಯುತ್ತಿದ್ದರು.

ಒಂದು ದೊಂಗ್‌ಜಿ ಹಬ್ಬದ ದಿನ ನಡೆದದ್ದು ಹೇಳುತ್ತೇನೆ. ಚಳಿಗಾಲದ ಆ ದಿನ ಕೆಂಪು ಕಾಳಿನ ಗಂಜಿ ಬೇಯಿಸಿ, ಕೆಟ್ಟದ್ದು ಒಳಗೆ ಬಾರದಿರಲೆಂದು ಬಾಗಿಲಿಗೆ ಬಳಿಯುವುದು ನಮ್ಮ ಅಜ್ಜಿಯರ ಕಾಲದ ಪದ್ಧತಿ. ಸಭೆಗೆ ಸೇರಿದ ಮೇಲೆ ಅದೆಲ್ಲ ಬಿಟ್ಟಿದ್ದೆವು. ಅಕ್ಕ ಪಾತ್ರೆ ತುಂಬ ಗಂಜಿ ತಂದು ತಮ್ಮ ಮನೆ ಬಾಗಿಲಿಗೆ ಬಳಿದರು, ನನ್ನ ಮನೆ ಬಾಗಿಲಿಗೆ ಬಳಿದರು, ಕೊನೆಗೆ ಬಂದು ಈ ಬಾಗಿಲಿಗೂ ಬಳಿದರು. ಆಗಿದ್ದ ಪಾಸ್ಟರ್ ಚಿಕ್ಕ ವಯಸ್ಸಿನವರು, ಓಡಿ ಬಂದರು.

“ಅಮ್ಮನವರೇ, ಏನಿದು? ದೇವರ ಮನೆಗೆ ದೆವ್ವ ಓಡಿಸೋ ಗಂಜಿನಾ?”

“ಹೋದ ವಾರ ನೀವೇ ಅಲ್ವಾ ಪಾಸ್ಟರೇ ಹೇಳಿದ್ದು? ಬಾಗಿಲಲ್ಲಿ ಕೆಂಪು ಕಂಡ್ರೆ ಸಂಹಾರದ ದೂತ ದಾಟಿ ಹೋಗ್ತಾನೆ, ಚೊಚ್ಚಲ ಮಗ ಉಳೀತಾನೆ ಅಂತ.”

“ಅದು ಕುರಿಮರಿಯ ರಕ್ತ ಅಮ್ಮ!”

“ನಾಕ್‌ಪೊದಲ್ಲಿ ಕುರಿ ಎಲ್ಲಿಂದ ತರ್ಲಿ? ಕಾಳಿತ್ತು, ಬೇಯಿಸಿದೆ. ಊರಿನ ಕಷ್ಟ ದೇವರಿಗೆ ಗೊತ್ತಾಗಲ್ವಾ?”

ಪಾಸ್ಟರ್ ಬಟ್ಟೆ ತಂದು ಒರೆಸಿದರು. ನನ್ನ ಕೆತ್ತನೆಯ ಸಂದಿಗೆ ಇಳಿದ ಬಣ್ಣ ಬರಲಿಲ್ಲ. ಈಗಲೂ ಇದೆ, ಹೋಗುವಾಗ ನೋಡಿ.

ಆಮೇಲೆ ವಸಂತ ಬಂತು.

ಅಕ್ಕನ ಚೊಚ್ಚಲ ಮಗ ಗಿಜುನ್ ಒಂದು ದೋಣಿಯಲ್ಲಿ, ನನ್ನ ಮಗ ದುಹೋ ಇನ್ನೊಂದರಲ್ಲಿ. ಒಂದೇ ಬೆಳಿಗ್ಗೆ ಹೋದರು, ಒಂದೇ ಗಾಳಿಗೆ ಸಿಕ್ಕಿದರು. ಅಕ್ಕ ಮತ್ತು ನಾನು ದಡದಲ್ಲಿ ಪಕ್ಕಪಕ್ಕದಲ್ಲಿ ನಿಂತಿದ್ದೆವು. ಅವರು ನನ್ನ ತೋಳು ಹಿಡಿದಿದ್ದರು — ಇಲ್ಲಿ. ಒಂದು ದೋಣಿ ಬಂತು. ದುಹೋ ನೀರಿಗೆ ಹಾರಿ ದಡದ ಕಡೆ ನಡೆದು ಬಂದ. ಇನ್ನೊಂದು ದೋಣಿ ಮಗುಚಿದ್ದನ್ನು ಅವನೇ ಹೇಳಿದ.

ನಾನು ಬಾಯಿ ತೆರೆದೆ. ದೋಣಿಗಳನ್ನು ತಿರುಗಿಸುವ ಬಾಯಿ ಇದು. ದನಿ ಹೊರಡಲಿಲ್ಲ. ತೋಳಿನ ಮೇಲೆ ಅಕ್ಕನ ಕೈ ಇದೆಯಲ್ಲ — ಹೇಗೆ ಹೊರಡುತ್ತದೆ?

ಅಕ್ಕ ನನ್ನ ಮುಖ ನೋಡಿದರು. “ಕೂಗೋ ಮನ್‌ಬೊಕ್,” ಎಂದರು. “ನಿನ್ನ ಮಗ ಬಂದ. ಕೂಗು.”

ಆಗ ಅವರೇ ಹೇಳಿದರು. ತೀರಾ ಸಣ್ಣ ದನಿಯಲ್ಲಿ — ಹಲ್ಲೆಲೂಯಾ. ನನ್ನ ಮಗನಿಗಾಗಿ. ತಮ್ಮ ಮಗ ಮುಳುಗಿದ ನೀರಿನ ಕಡೆ ಮುಖ ಮಾಡಿಕೊಂಡು.

ಗಿಜುನ್‌ನ ದೇಹ ಸಿಗಲೇ ಇಲ್ಲ. ನಿಮಗೆಲ್ಲ ಗೊತ್ತು.

ಆ ಭಾನುವಾರದ ಪಾಠ ಯಾವುದಿತ್ತು ಗೊತ್ತೆ? ಕೆಂಪು ಸಮುದ್ರ. ಬೇಡ ಅಕ್ಕ, ದಾವೀದನ ಕಥೆ ಹೇಳೋಣ ಎಂದೆ. “ಸರದಿ ಬಂದಿದೆ, ಹೇಳ್ಬೇಕು. ಪಾತ್ರೆ ಹಾಕ್ಕೋ” ಎಂದರು. ಹಾಕಿಕೊಂಡೆ. ಮುಳುಗಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ನಾನು ನೆಲದ ಮೇಲೆ ಬಿದ್ದೇ ಇದ್ದೆ, ಏಳುವುದೋ ಬೇಡವೋ ತಿಳಿಯದೆ. ಆಗ ಒಬ್ಬಳು ಪುಟ್ಟ ಹುಡುಗಿ ಎದ್ದು ಕೇಳಿದಳು —

“ಟೀಚರ್, ಗಿಜುನ್ ಅಣ್ಣ ಐಗುಪ್ತದವನಾ?”

ನೋಡಿ, ಮಗುವಿನದು ತಪ್ಪಲ್ಲ. ದೇವಜನ ಒಣನೆಲದಲ್ಲಿ ದಾಟಿದರು, ಮುಳುಗಿದವರು ಶತ್ರುಗಳು ಎಂದು ವರ್ಷವರ್ಷವೂ ಕಲಿಸಿದವರು ನಾವೇ. ಪಾತ್ರೆಯ ಒಳಗೆ ನನ್ನ ಉಸಿರು ನನಗೇ ಕೇಳುತ್ತಿತ್ತು.

ಅಕ್ಕ ಆ ಹುಡುಗಿಯನ್ನು ಹತ್ತಿರ ಕರೆದರು. “ಇಲ್ಲ ಪುಟ್ಟಿ, ಗಿಜುನ್ ಐಗುಪ್ತದವನಲ್ಲ. ಆದ್ರೆ ಐಗುಪ್ತದವರಲ್ಲಿ ಒಬ್ಬೊಬ್ಬನೂ ಯಾವುದೋ ಮನೆ ಗಿಜುನ್. ಈಚೆ ದಡದಲ್ಲಿ ಮಿರ್ಯಾಮಳು ದಮ್ಮಡಿ ಬಡಿದು ಹಾಡಿದಳಲ್ಲ, ಆಚೆ ದಡದಲ್ಲೂ ಹೆಂಗಸರು ನಿಂತಿದ್ರು. ಅವರ ಹೆಸರು ಬೈಬಲ್‌ನಲ್ಲಿ ಬರೆದಿಲ್ಲ. ನಾವು ನೆನೆಸ್ಕೋಬೇಕು. ಯೇಸು ಸ್ವಾಮಿ ಆ ದಡಕ್ಕೂ ಹೋದೋರು.”

“ಹಂಗಾದ್ರೆ ದೇವರು ಯಾಕೆ...?”

“ಗೊತ್ತಿಲ್ಲ ಕಣೇ.”

ಅಷ್ಟೇ. ಪಾಠ ಮುಗಿಯಿತು. ಮಕ್ಕಳು ಅಭ್ಯಾಸದಂತೆ ಆಮೆನ್ ಎನ್ನಲು ಬಾಯಿ ತೆರೆದರೆ ಅಕ್ಕ ಹೀಗೆ ಕೈ ಎತ್ತಿ ತಡೆದರು. “ಈ ಪಾಠಕ್ಕೆ ಬೇಡ. ಇದು ಇನ್ನೂ ಮುಗಿದಿಲ್ಲ.” ಅಲ್ಲಿಂದಾಚೆಗೆ ಆ ಒಂದು ಪಾಠಕ್ಕೆ ನಮ್ಮಲ್ಲಿ ಆಮೆನ್ ಇಲ್ಲ.

ಮುಂದಿನ ದೊಂಗ್‌ಜಿಗೆ ಮತ್ತೆ ಗಂಜಿಯ ಪಾತ್ರೆ ಹಿಡಿದು ನಮ್ಮ ಮನೆಗೆ ಬಂದರು. ನನ್ನ ಹೆಂಡತಿ ಅಳುತ್ತಾ, “ನಿಮ್ಮ ಬಾಗಿಲಿಗೆ ಬಳಿದ್ರಾ ಅಕ್ಕ?” ಎಂದಳು. “ನಮ್ಮ ಮನೆಗೆ ಆ ದೂತ ಬಂದು ಹೋಗಿ ಆಯ್ತಲ್ಲ. ದಾರಿ ಗೊತ್ತಿರೋನಿಗೆ ಗುರುತು ಯಾಕೆ?” ಎಂದು ನಕ್ಕರು. ಮೆಟ್ಟಿಲ ಮೇಲೆ ನಿಂತು ನಮ್ಮ ಬಾಗಿಲು ನೋಡಿದೆ. ಹಿಂದಿನ ಚಳಿಗಾಲದಲ್ಲಿ ಅವರ ಬಾಗಿಲಿಗೂ ಬಳಿದಿದ್ದರು, ನನ್ನ ಬಾಗಿಲಿಗೂ ಬಳಿದಿದ್ದರು. ಅದೇ ಪಾತ್ರೆಯ ಗಂಜಿ! ನಮ್ಮ ದೇವರು ಬಿಡಿಸುವ ದೇವರು, ನಾನು ನಂಬುತ್ತೇನೆ; ನನ್ನ ಮಗನನ್ನು ಬಿಡಿಸಿದ. ಹಾಗಾದರೆ —

ಬಿಡಿ.

ಕೊನೆಯ ಸಲ ಆಸ್ಪತ್ರೆಯಲ್ಲಿ ನೋಡಿದಾಗ ಅಕ್ಕ ಹೇಳಿದರು, “ಬರೋ ಭಾನುವಾರ ಸಮುದ್ರದ ಪಾಠ. ನೀನೇ ಹೇಳ್ಬೇಕು.”

“ನಾನು ಫರೋಹ ಅಕ್ಕ. ಮುಳುಗೋದು ಮಾತ್ರ ಬರುತ್ತೆ ನಂಗೆ.”

“ಹೇಳ್ತೀಯ. ಮಕ್ಕಳು ಯಾಕೆ ಅಂತ ಕೇಳ್ತಾರೆ. ಗೊತ್ತಿಲ್ಲ ಅನ್ನು. ಕತೆ ಕಟ್ಟಬೇಡ. ನೀನು ಕಟ್ತೀಯ, ನಿನ್ನ ನಾನು ಬಲ್ಲೆ.”

ಅವರು ಬಲ್ಲರು. ನನ್ನ ಬಳಿ ಸಾವಿರ ಕತೆಗಳಿವೆ, ಉಬ್ಬಿಸಿ ಹೇಳಲು ನನ್ನಂಥವನು ಈ ಊರಿನಲ್ಲಿಲ್ಲ. ಆದರೆ ‘ಗೊತ್ತಿಲ್ಲ’ ಎಂಬ ಒಂದು ಮಾತನ್ನು ಮಕ್ಕಳ ಮುಂದೆ ನೆಟ್ಟಗೆ ನಿಂತು ಹೇಳುವುದು ನನಗೆ ಬರುವುದಿಲ್ಲ. ಆ ಬೆಂಚಿನಲ್ಲಿ ದುಹೋನ ಮಗಳೂ ಕೂತಿರುತ್ತಾಳೆ. ಅವಳಪ್ಪ ಇವತ್ತೂ ಸಮುದ್ರದಲ್ಲಿದ್ದಾನೆ, ಅದಕ್ಕೇ ಈ ಸಭೆಯಲ್ಲಿಲ್ಲ. ಬರುವ ದೊಂಗ್‌ಜಿಗೆ ನಮ್ಮ ಬಾಗಿಲಿಗೆ ಗಂಜಿ ತರುವವರೂ ಇಲ್ಲ. ಭಾನುವಾರ ನಾನು ಏನು ಹೇಳಲಿ? ಮನೆಯಲ್ಲಿ ಒಬ್ಬನೇ ಅಭ್ಯಾಸ ಮಾಡಿ ನೋಡಿದೆ. ಪ್ರತಿ ಸಲವೂ ಒಂದು ಕತೆ ಕಟ್ಟಿಬಿಡುತ್ತೇನೆ.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಶಿಲುಬೆಯ ಕಡೆ ಅಲ್ಲ — ಪಾಸ್ಟರ್ ಕ್ಷಮಿಸಬೇಕು — ಬಾಗಿಲ ಕಡೆ ತಿರುಗಿ. ತೆರೆದಿದೆ, ಸಮುದ್ರ ಕಾಣುತ್ತದೆ. ಯೊನ್‌ಸಿಲ್, ನೀನೂ ತಿರುಗು ತಾಯಿ. ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲೋಣ: ಮಾಲ್‌ಸುನ್ ಅಕ್ಕನಿಗಾಗಿ, ಗಿಜುನ್‌ಗಾಗಿ, ಆಚೆ ದಡದ ಹೆಂಗಸರಿಗಾಗಿ.

ಕೊನೆಗೆ ಆಮೆನ್ ಬಾಯಿಗೆ ಬರುತ್ತದೆ, ನನಗೂ ಬರುತ್ತದೆ. ತಡೆದುಕೊಳ್ಳಿ.