ಊದಿ ಆರಿಸಿದ ಆರತಿ

ಕಬ್ಬಿಣದ ಬೀರು ಮಾಡಿ ಮಾರಿ ಮೇಲೆ ಬಂದ ಒಬ್ಬ ಸಿರಿವಂತನಿದ್ದ. ಊರು ಯಾವುದು ಎಂದು ಕೇಳಬೇಡಿ. ಹೇಳಿದರೆ ನಿಮ್ಮಲ್ಲಿ ನಾಲ್ಕು ಜನ ತಲೆ ತಗ್ಗಿಸಬೇಕಾಗುತ್ತದೆ. ತಗಡು ಬಗ್ಗಿಸಿ, ಬೆಸುಗೆ ಹಾಕಿ, ಕೊನೆಗೆ ಪೇಂಟ್ ಬೂತ್ ಎಂಬ ಮುಚ್ಚಿದ ಕೋಣೆಯೊಳಗೆ ಬೀರುಗಳನ್ನು ನಿಲ್ಲಿಸಿ ಬಣ್ಣ ಹೊಡೆಸುತ್ತಿದ್ದ. ಭಾರೀ ಭಕ್ತ. ಎಂಥ ಭಕ್ತ? ಬೆಳಗ್ಗೆ ಎದ್ದರೆ ಒಂದು ಗಂಟೆ ಪ್ರಾಣಾಯಾಮ. ಮೂಗಿನ ಒಂದು ಹೊಳ್ಳೆ ಒತ್ತುವುದು, ಇನ್ನೊಂದು ಬಿಡುವುದು. ತನ್ನ ಉಸಿರಿನ ಮೇಲೆ ಎಷ್ಟು ಮಮತೆ, ನೋಡಿ!

ಆ ಬೂತಿನಲ್ಲಿ ಬಣ್ಣ ಹೊಡೆಯುವವನು ಹದಿನಾಲ್ಕು ವರ್ಷದಿಂದ ಸ್ಪ್ರೇ ಗನ್ ಹಿಡಿದವನು. ಅವನ ಬೆನ್ನ ಹಿಂದಿನ ಜಾಲರಿಯಿಂದ ಹೊಸ ಗಾಳಿ ಬರುತ್ತಿತ್ತು. ಬೀರುವನ್ನು ಸವರಿಕೊಂಡು, ಬಣ್ಣದ ಮಂಜನ್ನೂ ಬಣ್ಣ ತೆಳ್ಳಗಾಗಿಸುವ ಥಿನ್ನರಿನ ಆವಿಯನ್ನೂ ಎಳೆದುಕೊಂಡು, ಎದುರು ಗೋಡೆಯ ದೊಡ್ಡ ಫ್ಯಾನಿನಿಂದ ಹೊರಗೆ ಹೋಗುತ್ತಿತ್ತು. ಆ ಗಾಳಿ ನಡೆದರೆ ಅವನ ಜೀವ ನಡೆಯಿತು. ಅಷ್ಟೇ ವಿಷಯ.

ಒಂದು ದಿನ ವಾಸ್ತು ಪಂಡಿತ ಬಂದ. ದಿಕ್ಸೂಚಿ ಹಿಡಿದ, ಫ್ಯಾನು ನೋಡಿದ, ಹಣೆ ಚಚ್ಚಿಕೊಂಡ.

“ಸಾವ್ಕಾರ್ರ, ನೈಋತ್ಯಕ್ಕ ಇಷ್ಟ ದೊಡ್ಡ ಕಿಂಡಿ ಇಟ್ಟೀರಲ್ರಿ! ಲಕ್ಷ್ಮಿ ಇದರಾಗಿಂದನ ಹೊಂಟು ಹೋಗಾಕತ್ತಾಳ.”

ಮರುದಿನವೇ ಫ್ಯಾನು ಕಿತ್ತರು. ಕಿಂಡಿಗೆ ತಗಡು ಬಡಿದರು. ತಗಡಿನ ಮೇಲೆ ಲಕ್ಷ್ಮಿಯ ಆಳೆತ್ತರದ ಪಟ ತೂಗಿದರು.

ಬಣ್ಣದವನು ಹೋಗಿ ಕೈಕಟ್ಟಿ ನಿಂತ. “ಸಾವ್ಕಾರ್ರ, ಒಳಗ ಉಸಿರ ಆಡೂದಿಲ್ರಿ. ತಲಿ ತಿರಗತೈತಿ.”

“ಬಾಯಿಗೆ ಟವೆಲ್ ಕಟ್ಕೋ.”

“ಟವೆಲ್ಲಿಗೆ ಆವಿ ನಿಲ್ಲೂದಿಲ್ರಿ. ಬ್ಯಾರೆ ಗ್ವಾಡಿಗ್ಯಾರ ಫ್ಯಾನ್ ಹಾಕಸ್ರಿ.”

“ನನಗ ಶಾಸ್ತ್ರ ಹೇಳಾಕ ಬಂದ್ಯೇನಲೇ? ದಿನಾ ಪ್ರಾಣಾಯಾಮ ಮಾಡು. ಎದಿ ಗಟ್ಟಿ ಆಗತೈತಿ.”

ಕೇಳಿದಿರಾ? ಪ್ರಾಣಾಯಾಮ ಮಾಡಬೇಕಂತೆ. ಥಿನ್ನರಿನಲ್ಲಿ!

ಐದು ವಾರ ಹೀಗೇ ನಡೆಯಿತು. ಬಣ್ಣದವನ ಎದೆ ಸೀಟಿ ಹೊಡೆಯತೊಡಗಿತು. ಊಟಕ್ಕೆ ಕೂತರೆ ರೊಟ್ಟಿಗೂ ಅದೇ ವಾಸನೆ. ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಲ್ಲುತ್ತಿದ್ದ. ಮನೆಯಲ್ಲಿ ಪುಟ್ಟ ಮಗಳಿದ್ದಳು; ಬೇರೆ ಕೆಲಸ ಅವನಿಗೆ ಬಾರದು.

ಒಂದು ಶುಕ್ರವಾರ ಬೆಳಗ್ಗೆ ಸಿರಿವಂತನಿಗೆ ಬೂತಿನೊಳಗೇ ಲಕ್ಷ್ಮಿಪೂಜೆ ಮಾಡುವ ಹುಕಿ ಬಂತು. ಬಣ್ಣದವನು ಆಗಷ್ಟೇ ಆರು ಬೀರುಗಳಿಗೆ ಬಣ್ಣ ಹೊಡೆದು ಮುಗಿಸಿದ್ದ. ಕೋಣೆಯ ತುಂಬ ಆವಿ. ಅಂಗಳದಲ್ಲಿ ಆರತಿ ಹಚ್ಚಿಕೊಂಡು, ತಟ್ಟೆ ಎತ್ತಿಕೊಂಡು, ಪಂಡಿತನನ್ನೂ ಹಿಂದೆ ಕರೆದುಕೊಂಡು ಸಿರಿವಂತ ಬೂತಿನ ಕಡೆ ಬಂದ. ಬಾಗಿಲಿಗೆ ಇನ್ನು ನಾಲ್ಕೇ ಹೆಜ್ಜೆ. ತಿಳಿಸಿ ಹೇಳಲು ಹೊತ್ತೆಲ್ಲಿದೆ? ಬಣ್ಣದವನು ಓಡಿ ಬಂದವನೇ ತಟ್ಟೆಗೆ ಬಾಯಿಟ್ಟು ಉಫ್ ಎಂದು ಊದಿಬಿಟ್ಟ! ಎರಡು ಬತ್ತಿಯೂ ಆರಿದವು.

“ಪಾಪಿ! ಆರತಿ ಊದಿದ್ಯೇನಲೇ? ಎಂಜಲ ಬಾಯಾಗ!”

“ಊದಿನ್ರಿ. ಇಲ್ಲಂದ್ರ ನೀವೂ ನಾವೂ ಕೂಡೇ ಉರೀತಿದ್ವಿ.”

“ಕಡ್ಡಿಪೆಟ್ಟಿಗಿ ತರ್ರಿ ಯಾರಾರ! ಇಲ್ಲೇ ಹಚ್ಚತೀನಿ!”

“ಹಚ್ಚ್ರಿ. ನಾ ದೂರ ಹೋಗ್ತೀನಿ, ಆಮ್ಯಾಲ ಹಚ್ಚ್ರಿ. ನನ್ನ ಮಗಳಿಗೆ ಅಪ್ಪ ಅಂತ ನಾ ಒಬ್ಬನ ಅದೀನಿ.”

ಅವನು ಅಂಗಳ ದಾಟಿ ನಡೆದ. ಕೆಲಸಗಾರರೆಲ್ಲ ಅವನ ಹಿಂದೆ. ಪಂಡಿತನೋ? ಎಲ್ಲರಿಗಿಂತ ಮೊದಲೇ ಗೇಟಿನಾಚೆ! ಕಡ್ಡಿಪೆಟ್ಟಿಗೆ ಹಿಡಿದು ಸಿರಿವಂತ ಒಬ್ಬನೇ ಬಾಗಿಲಲ್ಲಿ ನಿಂತ. ಒಳಗಿನ ಆವಿ ಮೊದಲ ಸಲ ಅವನ ಮೂಗಿಗೆ ಬಡಿಯಿತು. ಕೆಮ್ಮಿದ. ಕಣ್ಣಲ್ಲಿ ನೀರು. ಕಡ್ಡಿಪೆಟ್ಟಿಗೆ ತೆಪ್ಪಗೆ ಜೇಬು ಸೇರಿತು.

ಬುದ್ಧಿ ಬಂತು ಅಂದುಕೊಂಡಿರಾ? ಎಲ್ಲಿಂದ ಬರಬೇಕು! ಆ ಮಧ್ಯಾಹ್ನವೇ ಬಣ್ಣದವನನ್ನು ಕೆಲಸ ಬಿಡಿಸಿದ. ಯಾಕೆ? ಆರತಿ ಊದಿದ. ಊರೆಲ್ಲ ಹೌದು ಹೌದು ಎಂದಿತು. ಪೂಜೆ ಈಗ ಅಂಗಳದಲ್ಲಿ ನಡೆಯುತ್ತದೆ. ಸಿರಿವಂತನಿಗೆ ಗಾಳಿ ಬೇಕಲ್ಲ! ತಗಡು ಮಾತ್ರ ಹಾಗೇ ಇದೆ. ಒಳಗೆ ಬೇರೊಬ್ಬ ಬಣ್ಣ ಹೊಡೆಯುತ್ತಿದ್ದಾನೆ.

ಈಗ ನಿಮ್ಮ ಕಡೆ ಬರುತ್ತೇನೆ. ಎದೆ ಸೀಟಿ ಹೊಡೆಯಿತು ಎಂದಾಗ ಈ ಸಭೆಯಲ್ಲಿ ಒಂದು ಸದ್ದಿಲ್ಲ. ಆರತಿ ಊದಿದ ಎಂದೆ, ಎಷ್ಟು ಬಾಯಿ ಲೊಚಗುಟ್ಟಿದವು! ಕೇಳಿಸಿಕೊಂಡಿದ್ದೇನೆ. ನೀವು ಮರುಗಿದ್ದು ಯಾರಿಗೆ? ಎರಡು ಬತ್ತಿಗೆ. ಹದಿನಾಲ್ಕು ವರ್ಷ ದುಡಿದ ಎದೆಗಲ್ಲ, ಎರಡು ಬತ್ತಿಗೆ!

ನಿಮಗೂ ಗ್ಯಾರೇಜುಗಳಿವೆ, ಶೆಡ್ಡುಗಳಿವೆ. ನಾಳೆ ಹೋಗಿ ನೋಡಿ. ಮುಚ್ಚಿದ ಕಿಂಡಿ ಬಿಚ್ಚಿಸಿ, ಫ್ಯಾನಿನ ಮುಂದೆ ಬಣ್ಣ ಮೆತ್ತಿ ಕಟ್ಟಿಕೊಂಡ ಫಿಲ್ಟರ್ ಬದಲಿಸಿ. ಬಣ್ಣ ಶುರುವಾಗುವ ಮೊದಲೇ ಫ್ಯಾನು ತಿರುಗಲಿ, ಮುಗಿದ ಮೇಲೂ ಆವಿ ಪೂರ್ತಿ ಹೋಗುವವರೆಗೆ ತಿರುಗಲಿ. ಕರೆಂಟು ಉಳಿಸುವ ಜಾಗ ಅದಲ್ಲ. ದೀಪ, ಊದುಬತ್ತಿ, ಬೀಡಿ ಅತ್ತ ಸುಳಿಯಬಾರದು. ದೇವರನ್ನು ಗಾಳಿಗೆ ಅಡ್ಡ ನಿಲ್ಲಿಸಬೇಡಿ. ಆ ಅವಮಾನ ದೇವರಿಗೇ ಹೆಚ್ಚು. ಒಳಗಿರುವವನನ್ನು ಕರೆದು, ಉಸಿರಾಡಲು ಆಗುತ್ತಿದೆಯಾ ಎಂದು ಕೇಳಿ. ಇಲ್ಲ ಎಂದರೆ ಕೆಲಸ ನಿಲ್ಲಿಸಿ. ಆ ಕ್ಷಣವೇ ನಿಲ್ಲಿಸಿ.

ಇಷ್ಟು ಮಾಡದವರು ಬರುವ ವಾರ ಈ ಮುಂದಿನ ಸಾಲಿಗೆ ಬರಬೇಡಿ. ನಿಮಗಾಗಿ ಹಾಸಿದ ಈ ಜಮಖಾನದ ಮೇಲೆ ಆ ಬಣ್ಣದವನು ಕೂರಲಿ.