ಗಟ್ಟಿಯಾಗದ ಕರವಸ್ತ್ರ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ನನ್ನಿಂದ ಬೈಸಿಕೊಂಡೂ ನನ್ನನ್ನು ಬೀಳ್ಕೊಡಲು ಬಂದಿರುವ ವೈದ್ಯರೇ, ದಾದಿಯರೇ, ಸಭಿಕರೇ,

ಮೂವತ್ತೊಂದು ವರ್ಷ ನಾನು ಒಡೆದ ತಲೆಗಳನ್ನು ರಿಪೇರಿ ಮಾಡಿದೆ. ನನ್ನ ತಲೆಯೇ ಸರಿಯಿಲ್ಲ ಎನ್ನುತ್ತಾಳೆ ಹೆಂಡತಿ. ಆ ಕೇಸು ಬೇರೆ. ಎಲ್ಲರೂ ನನ್ನ ಕೈಚಳಕವನ್ನು ಹೊಗಳಿದಿರಿ. ನಾನು ಕರವಸ್ತ್ರದ ಬಗ್ಗೆ ಮಾತಾಡುತ್ತೇನೆ.

ಹಣೆಗೆ ಪೆಟ್ಟು ಬಿದ್ದವರನ್ನು ಮನೆಗೆ ಕಳಿಸುವ ಮುನ್ನ ನಮ್ಮ ವಾರ್ಡಿನಲ್ಲಿ ಏನು ಮಾಡುತ್ತೇವೆ? ಹತ್ತು ನಿಮಿಷ ತಲೆ ಬಗ್ಗಿಸಿ ಕೂರಿಸಿ, ಮೂಗಿನ ಕೆಳಗೆ ಬಿಳಿ ಕರವಸ್ತ್ರ ಹಿಡಿಸುತ್ತೇವೆ. ಮಿದುಳಿನ ನೆಲವೇ ಮೂಗಿನ ಚಾವಣಿ. ಆ ತೆಳು ಮೂಳೆ ಬಿರುಕು ಬಿಟ್ಟರೆ ಮಿದುಳಿನ ಸುತ್ತಲಿನ ನೀರು ಮೂಗಿನಿಂದ ತೊಟ್ಟಿಕ್ಕುತ್ತದೆ. ನೋಡಿದವರು ನೆಗಡಿ ಎನ್ನುತ್ತಾರೆ. ನೀರು ಹೊರಬಂದ ದಾರಿಯಲ್ಲೇ ಸೋಂಕು ಒಳಗೆ ಹೋಗುತ್ತದೆ.

ನಾಳೆಯಿಂದ ಈ ಪದ್ಧತಿ ಬೇಡ ಎಂದು ಹೊಸ ಮುಖ್ಯಸ್ಥರು ಹೇಳಿದ್ದಾರೆ. ಸ್ಕ್ಯಾನ್ ಇದೆ, ಹಾಸಿಗೆಗೆ ಜನ ಕಾಯುತ್ತಿದ್ದಾರೆ. ನಾನೂ ಒಮ್ಮೆ ಹಾಗೆಯೇ ಅಂದುಕೊಂಡಿದ್ದೆ.

ಆಗ ನನ್ನ ಭಾವ ಏಣಿಯಿಂದ ಬಿದ್ದಿದ್ದರು. ಸ್ಕ್ಯಾನ್‌ನಲ್ಲಿ ಬಿರುಕು ಕಾಣಲಿಲ್ಲವೆಂದು ನಾನೇ ಮನೆಗೆ ಕಳಿಸಿದ್ದೆ. ಎರಡನೇ ದಿನ ಅಕ್ಕ ಫೋನ್ ಮಾಡಿದಳು. "ಮೂಗು ಸೋರ್ತಾನೇ ಇದೆ ಕಣೋ. ನೆಗಡಿ ಆಗಿದ್ರೆ ಕರ್ಚೀಫು ಒಣಗಿದ್ಮೇಲೆ ಗಂಜಿ ಹಾಕಿದ ಹಾಗೆ ಗಟ್ಟಿಯಾಗ್ಬೇಕು. ಇದು ಮೆತ್ತಗೇ ಇದೆ."

"ಅಕ್ಕಾ, ಬಟ್ಟೆ ನೋಡೋದು ನಿನ್ನ ಕೆಲಸ, ತಲೆ ನೋಡೋದು ನನ್ನ ಕೆಲಸ" ಅಂದೆ. ನಕ್ಕೆ ಕೂಡ.

ನಾಲ್ಕನೇ ದಿನ ಭಾವನನ್ನು ಜ್ವರದಲ್ಲಿ ಎಚ್ಚರವಿಲ್ಲದ ಸ್ಥಿತಿಯಲ್ಲಿ ಕರೆತಂದರು. ತೊಡೆಯಿಂದ ಪೊರೆ ತೆಗೆದು ಬಿರುಕಿಗೆ ತೇಪೆ ಹಾಕಲು, ಸೋಂಕು ಇಳಿಯಲೆಂದು ಕಾದೆವು. ಇಳಿಯಲಿಲ್ಲ. ತೇಪೆ ಹಾಕುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಎಂದು ಈಗ ತಾನೇ ಅಂದಿರಿ. ಭಾವನಿಗೆ ಹಾಕಲು ಆಗಲೇ ಇಲ್ಲ.

ಕ್ಷಮಿಸಿ, ಇದು ನಾನು ಬರೆದು ತಂದ ಹಾಳೆಯಲ್ಲಿ ಇರಲಿಲ್ಲ.

ವಾರ್ಡಿಗೆ ವರ್ಷವರ್ಷವೂ ಅಂಚು ಹೊಲಿದ ಕರವಸ್ತ್ರಗಳ ಗಂಟು ಕಳಿಸುವವರು ಯಾರು ಎಂದು ನೀವು ದಾದಿಯರು ಕೇಳುತ್ತಿದ್ದಿರಿ. ಮೂರನೇ ಸಾಲಿನಲ್ಲಿ ಕನ್ನಡಕ ಒರೆಸುತ್ತಾ ಕೂತಿದ್ದಾಳೆ. ಭಾವ ಹೋದಾಗ ಅವಳು ನನ್ನನ್ನು ಬೈಯಲಿಲ್ಲ. "ಇನ್ನೊಬ್ಬರ ಮನೇಲಿ ಹೀಗಾಗ್ಬಾರ್ದು, ಅಷ್ಟು ನೋಡ್ಕೋ" ಅಂದಳು.

ಹೊಸ ಮುಖ್ಯಸ್ಥರೇ, ನಾಳೆ ಬೆಳಿಗ್ಗೆ ಎಂಟಕ್ಕೆ ವಾರ್ಡಿನ ಬಾಗಿಲಲ್ಲಿ ನಿಂತಿರುತ್ತೇನೆ. ನಾಡಿದ್ದೂ ಬರುತ್ತೇನೆ. ಸಂಬಳ ಬೇಡ, ಕುರ್ಚಿಯೂ ಬೇಡ. ಹತ್ತು ನಿಮಿಷ ಬಿಟ್ಟುಕೊಡಿ. ನನ್ನನ್ನು ಹೊರಗೆ ಹಾಕಿದರೆ, ಮನೆಗೆ ಹೊರಟ ರೋಗಿಗಳನ್ನು ಗೇಟಿನ ಹತ್ತಿರವೇ ತಲೆ ಬಗ್ಗಿಸಿ ಕೂರಿಸುತ್ತೇನೆ.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ಧನ್ಯವಾದ. ಅಕ್ಕಾ, ಅವತ್ತು ನೀನು ಹೇಳಿದ್ದೇ ಸರಿ ಕಣೇ. ಇಷ್ಟು ವರ್ಷ ನಿನ್ನೆದುರು ಈ ಮಾತು ಬಾಯಿಗೆ ಬರಲಿಲ್ಲ. ಮೊದಲು ನಿನಗೆ, ಆಮೇಲೆ ಸಭೆಗೆ, ನಮಸ್ಕಾರ.